ಬೇರೆ ಬೋಗುಣಿ

ಪುಂಟಾ ಅರೇನಾಸಿನಲ್ಲಿ ಗಾಳಿ ಬೀಸುವುದಿಲ್ಲ,
ಮೈಮೇಲೆ ಬರುತ್ತದೆ.
ಕಾರಿನ ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು ಇಳಿದೆ,
ಕಂಕುಳಲ್ಲಿ ಹತ್ತಿಕಡ್ಡಿಗಳ ಡಬ್ಬ,
ಕೊರಳಲ್ಲಿ ಪಟಪಟಿಸುವ ಆಸ್ಪತ್ರೆಯ ಗುರುತುಚೀಟಿ.

ಬಾಗಿಲು ತೆರೆದವಳು ಅಜ್ಜಿ, ಮಿಲ್ಕಾ.
ಅವಳಪ್ಪ ಕ್ರೊಯೇಷಿಯಾದ ಯಾವುದೋ ದ್ವೀಪದಿಂದ ಬಂದು
ಇಲ್ಲಿಯ ಉಣ್ಣೆ ಗೋದಾಮಿನಲ್ಲಿ ಸವೆದವನಂತೆ.
ನೆಲದಲ್ಲಿ ನನ್ನ ಮುಖ ಕಾಣುತ್ತಿತ್ತು.
ಶೂ ಬಿಚ್ಚಿದೆ. ಕಾಲುಚೀಲ ತೂತು.

"ನಮ್ಮ ಮನೇಲಿ ಕೊಳೆ ಹುಡುಕಲಿಕ್ಕೆ ಬಂದ್ರಾ?"
ಏನು ಹೇಳಲಿ.
ಹೌದು.

ಮೂವತ್ತೊಂದನೇ ವಾರಕ್ಕೇ ಹೊರಬಿದ್ದ ಕೂಸು ಆಂತೆ.
ಒಂದೂವರೆ ಕಿಲೋ. ಚೀಪಲು ಬಾರದು ಇನ್ನೂ,
ಮೂಗಿನಿಂದ ಹೊಟ್ಟೆಗೆ ದಾರದಂಥ ನಳಿಕೆ.
ಮನೆಯಲ್ಲಿ ಯಾಸ್ನಾ ಮೂರು ಗಂಟೆಗೊಮ್ಮೆ
ಯಂತ್ರಕ್ಕೆ ಎದೆಯೊಡ್ಡುತ್ತಾಳೆ.
ಅದರ ಸದ್ದು ಗೊತ್ತಲ್ಲ,
ಪಕ್ಕದ ಕೋಣೆಯಲ್ಲಿ ಯಾರೋ ಒಂದೇ ಮಾತನ್ನು
ಹೇಳಹೋಗಿ ಹೇಳಹೋಗಿ ನುಂಗಿದ ಹಾಗೆ.
ಗಂಡ ಎಲಿಸಿಯೋ ಏಡಿ ದೋಣಿಗೆ ರಜೆ ಹಾಕಿ
ಸೀಸೆಗಳನ್ನು ಐಸಿನ ಚೀಲದಲ್ಲಿಟ್ಟು
ಬೆಟ್ಟದ ಮೇಲಿನ ಆಸ್ಪತ್ರೆಗೆ ಹೊರುತ್ತಾನೆ,
ದಿನಕ್ಕೆರಡು ಸಲ, ಯಾರೊಡನೆಯೂ ಮಾತಿಲ್ಲದೆ.

ಹನ್ನೆರಡನೇ ದಿನ ಕೂಸು ತಣ್ಣಗಾಯಿತು.
ನೆತ್ತಿಯ ಮೆತ್ತನೆ ಜಾಗ ಉಬ್ಬಿತು.
ಬೆನ್ನಿನಿಂದ ತೆಗೆದ ನೀರು ತಿಳಿಯಿರಲಿಲ್ಲ.

ಕ್ರೋನೋಬ್ಯಾಕ್ಟರ್, ಅಂದೆ.
"ಯಾವ ಊರಿನವನು?" ಅಂದಳು ಅಜ್ಜಿ.

ಊರೂರಲ್ಲೂ ಇದ್ದಾನೆ ಅಜ್ಜಿ,
ಮಣ್ಣಲ್ಲಿ, ಹಿಟ್ಟಿನ ಡಬ್ಬದಲ್ಲಿ,
ಹಾಲಿನ ಪುಡಿಯಲ್ಲಿ, ನನ್ನ ಮನೆಯ ಸಿಂಕಿನಲ್ಲೂ.
ನಾವು ದಿನಾ ನುಂಗಿ ಅರಗಿಸಿಕೊಳ್ಳುತ್ತೇವೆ.
ಹನ್ನೆರಡು ದಿನದ ರಕ್ತಕ್ಕೆ
ಅಷ್ಟು ಲೋಕಾನುಭವ ಇರುವುದಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರೆ.
ಇದು ಹಾಲೇ. ಅದರಲ್ಲಿ ಸಂಶಯ ಬೇಡ.
ಹಾಲು ಹಾದುಬಂದ ದಾರಿಯ ಮಾತು ನನ್ನದು.
ಸಿಂಕಿನ ಬಾಯೊಳಗೆ ಒಂದು ಕಡ್ಡಿ ತಿರುಗಿಸಿದೆ,
ಪಾತ್ರೆ ಉಜ್ಜುವ ಸ್ಪಂಜಿಗೊಂದು,
ಅಜ್ಜಿಯ ಕಸೂತಿಯ ಒರೆಸುಬಟ್ಟೆಗೊಂದು
(ಅದನ್ನು ಕೊಡುವಾಗ ಅವಳು ಮಡಿಕೆ ಬಿಚ್ಚಲಿಲ್ಲ).
ಕೊನೆಗೆ ಪಂಪಿನೊಳಗಿನ ಆ ತೆಳು ಪೊರೆ,
ಹೆಬ್ಬೆರಳ ಉಗುರಿನಷ್ಟು.
ಕಳಚಬಹುದೆಂದೇ ಯಾಸ್ನಾಗೆ ಗೊತ್ತಿರಲಿಲ್ಲ.
ಕಳಚಿ ಬೆಳಕಿಗೆ ಹಿಡಿದೆ.
ಅಂಚಿನಲ್ಲಿ ಒಂದು ಹಳದಿ ಗೆರೆ.

ಆಗ ಅವಳು ತಾನಾಗಿ ಹೇಳಿದಳು,
ನನ್ನ ಕಡೆ ನೋಡದೆ, ನಲ್ಲಿಯ ಕಡೆ ನೋಡುತ್ತ:
"ರಾತ್ರಿ ಎರಡು ಗಂಟೆಗೆ ಕಣ್ಣು ಬಿಡಲಾಗುತ್ತಿರಲಿಲ್ಲ.
ನೀರಲ್ಲಿ ನೆನೆಹಾಕಿ ಮಲಗಿಬಿಟ್ಟೆ.
ಸಿಂಕಿನಲ್ಲೇ. ಬೆಳಗಿನ ತನಕ.
ಎರಡು ರಾತ್ರಿ. ಅಲ್ಲ, ಮೂರು."

ನನಗೂ ಇಬ್ಬರು ಮಕ್ಕಳು.
ಎಷ್ಟು ರಾತ್ರಿ ಎಂದು ನಾನು ಎಣಿಸಿಲ್ಲ,
ನನ್ನ ಮನೆಗೆ ಯಾರೂ ಕಡ್ಡಿ ಹಿಡಿದು ಬರಲಿಲ್ಲ ಅಷ್ಟೆ.
ಇದನ್ನು ಹೇಳಬೇಕಿತ್ತು. ಹೇಳಲಿಲ್ಲ.
ಡಬ್ಬಗಳ ಮೇಲೆ ಚೀಟಿ ಅಂಟಿಸಿದೆ.

ಗುರುವಾರ ವರದಿ ಬಂತು.
ಸಿಂಕಿನಲ್ಲಿ ಇದೆ. ಪೊರೆಯಲ್ಲಿ ಇದೆ. ಕೂಸಿನಲ್ಲೂ ಅದೇ.
ಬಟ್ಟೆಯಲ್ಲಿ ಇಲ್ಲ.
ನಮೂನೆಯಲ್ಲಿ "ಮೂಲ" ಎಂಬ ಒಂದು ಕಲಮು,
ಪಂಪಿನ ಪೊರೆ ಎಂದು ತುಂಬಿದೆ.
ನಿದ್ದೆಗೆ ಅಲ್ಲಿ ಜಾಗ ಬಿಟ್ಟಿರಲಿಲ್ಲ.

ಮೂರು ವಾರದ ಮದ್ದು. ಆಂತೆ ಉಳಿದ.
ಎಡಗಿವಿ ಕೇಳುತ್ತದೋ ಇಲ್ಲವೋ
ಈಗಲೇ ಹೇಳಲಾಗದು ಎಂದಿದ್ದಾರೆ ಡಾಕ್ಟರು.

ಅವನು ಮನೆಗೆ ಬರುವ ಮುಂಚಿನ ದಿನ
ಒಂದು ಹಳದಿ ಬೋಗುಣಿ ಕೊಂಡು ಹೋದೆ.
ಪಂಪು, ಸೀಸೆ ಇದರಲ್ಲೇ ತೊಳೆಯಿರಿ, ಸಿಂಕಿಗೆ ತಾಗದಿರಲಿ,
ಒಂದೊಂದು ತುಂಡನ್ನೂ ಬಿಚ್ಚಿ, ಬಳಸಿದ ತಕ್ಷಣ,
ಆಮೇಲೆ ಕುದಿಯುವ ನೀರು.
ಎಲಿಸಿಯೋ ಏಡಿಯ ಬುಟ್ಟಿಗೆ ಬರೆಯುವ ಕಪ್ಪು ಬಣ್ಣದಲ್ಲಿ
ಬೋಗುಣಿಯ ಮೇಲೆ ಮಗನ ಹೆಸರು ಬರೆದ,
ದೋಣಿಗೆ ಬರೆದ ಹಾಗೆ, ದಪ್ಪ ಅಕ್ಷರ.

ಹಬೆಯಿಂದ ಎತ್ತಿದ ತುಂಡುಗಳ ಕಡೆ
ಅಜ್ಜಿಯ ಕೈ ಕಸೂತಿ ಬಟ್ಟೆ ಸಮೇತ ಚಾಚಿತು.

ಒರೆಸಬೇಡಿ, ಅಂದೆ. ಗಾಳಿಗೆ ಒಣಗಲಿ.

"ಗಾಳಿಗಾ?"
ಅಜ್ಜಿ ಕಿಟಕಿಯಾಚೆ ನೋಡಿದಳು.
ಎದುರು ಮನೆಯ ತಗಡು ಎದ್ದೆದ್ದು ಬೀಳುತ್ತಿತ್ತು.
ಯಾಸ್ನಾ ನಕ್ಕಳು, ಹೊಲಿಗೆ ನೋಯುವಷ್ಟು,
ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದಳು ಅಲ್ಲೇ,
ಸಿಂಕಿನ ಬುಡದಲ್ಲಿ.